ಅತ್ತೆ ಮನೆಯ ಮುಂದಿನ ಕೋಣೆ: ಕೆರಿಬಿಯನ್ ಹಾಡು, ಸಿನಿಮಾ, ಟಿವಿ ಬಗ್ಗೆ ಮಾತಾಡೋಣ ಬನ್ನಿ

ಸಾಗರದ_ಮಗಳು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ನಾನು ಸಾಗರದವಳು. ಮದುವೆಯಾಗಿ ಹದಿನಾಲ್ಕು ವರ್ಷದಿಂದ ದಕ್ಷಿಣ ಲಂಡನ್ನಿನಲ್ಲಿದ್ದೇನೆ. ನಮ್ಮ ಯಜಮಾನರು ಹುಟ್ಟಿ ಬೆಳೆದದ್ದು ಇಲ್ಲೇ. ಆದರೆ ಅತ್ತೆ ಟ್ರಿನಿಡಾಡಿನ ಸ್ಯಾನ್ ಫರ್ನಾಂಡೊ ಊರಿನವರು, ಮಾವ ಜಮೈಕಾದವರು. ಅತ್ತೆಯ ಮುತ್ತಜ್ಜ ಮುತ್ತಜ್ಜಿ ಕಬ್ಬಿನ ತೋಟದ ಕೂಲಿಗೆ ಅಂತ ಭಾರತದಿಂದ ಹಡಗು ಹತ್ತಿದವರು. ಅತ್ತೆ ಅರವತ್ತರ ದಶಕದಲ್ಲಿ ನರ್ಸ್ ಕೆಲಸಕ್ಕೆ ಇಲ್ಲಿಗೆ ಬಂದರು. ಮಾವ ಬಸ್ ಕಂಡಕ್ಟರ್ ಆಗಿದ್ದರು. ಮಾವ ಈಗಿಲ್ಲ, ತೀರಿಕೊಂಡು ಎರಡು ವರ್ಷವಾಯಿತು.

ಈ ಮನೆಗೆ ಸೊಸೆಯಾಗಿ ಬಂದಾಗ ಕೆರಿಬಿಯನ್ ಅಂದರೆ ನನಗೆ ಕ್ರಿಕೆಟ್ ಮತ್ತು ಬಾಬ್ ಮಾರ್ಲಿ, ಅಷ್ಟೇ. ಈಗ ಅವರ ಹಾಡು, ಅವರ ಸಿನಿಮಾ, ಅವರ ಹಳೆಯ ಟಿವಿ ಧಾರಾವಾಹಿ ಎಲ್ಲ ನನ್ನವೂ ಆಗಿಬಿಟ್ಟಿವೆ. ಇದರ ಬಗ್ಗೆ ಕನ್ನಡದಲ್ಲಿ ಮಾತಾಡಲು ನನಗೆ ಇಲ್ಲಿ ಯಾರೂ ಸಿಗುವುದಿಲ್ಲ.

ಮೊದಲು ಮುಂದಿನ ಕೋಣೆ ಬಗ್ಗೆ ಹೇಳುತ್ತೇನೆ. ಇಲ್ಲಿನ ಕೆರಿಬಿಯನ್ ಮನೆಗಳಲ್ಲಿ ಅದನ್ನು ಫ್ರಂಟ್ ರೂಮ್ ಅನ್ನುತ್ತಾರೆ. ಮಕ್ಕಳು ಸುಮ್ನೆ ಒಳಗೆ ಹೋಗುವ ಹಾಗಿರಲಿಲ್ಲವಂತೆ. ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ. ಮೇಜಿನ ಮೇಲೆ ಕ್ರೋಷೆ ಹಾಸು. ಅದರ ಅಂಚು ಹೂವಿನ ಎಸಳಿನ ಹಾಗೆ ಎದ್ದು ನಿಲ್ಲಲಿ ಅಂತ ಸಕ್ಕರೆ ನೀರಿನಲ್ಲಿ ಅದ್ದಿ ಒಣಗಿಸಿರುತ್ತಾರೆ. ಪಕ್ಕದಲ್ಲಿ ಬಣ್ಣದ ಗಾಜಿನ ಮೀನು. ಗೋಡೆ ಪಕ್ಕ ರೇಡಿಯೊಗ್ರಾಂ, ನೋಡಲು ಅಡ್ಡ ಮಲಗಿಸಿದ ಬೀರುವಿನ ಹಾಗೆ. ಮುಚ್ಚಳ ಎತ್ತಿದರೆ ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ರೆಕಾರ್ಡ್ ಹಾಕುವ ತಟ್ಟೆ. ಶನಿವಾರ ರಾತ್ರಿ ಜಮೈಕಾದ ಕುಣಿತದ ಹಾಡುಗಳು, ಸ್ಕಾ, ರೆಗೆ. ಭಾನುವಾರ ಬೆಳಿಗ್ಗೆ ಅದೇ ತಟ್ಟೆಯ ಮೇಲೆ ಅಮೆರಿಕದ ಹಾಡುಗಾರ ಜಿಮ್ ರೀವ್ಸ್. ಲಂಡನ್ನಿನ ಮ್ಯೂಸಿಯಂ ಆಫ್ ದಿ ಹೋಮ್‌ನಲ್ಲಿ 1976ರ ಇಂಥದೇ ಒಂದು ಕೋಣೆಯನ್ನು ಮೈಕಲ್ ಮ್ಯಾಕ್‌ಮಿಲನ್ ಜೋಡಿಸಿಟ್ಟಿದ್ದಾರೆ. ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತವರೇ ಮೇಜಿನ ಹಾಸು ಸರಿ ಮಾಡಲು ಕೈ ಚಾಚಿಬಿಟ್ಟರು.

ಈಗ ನನಗೆ ಮುಖ್ಯ ಅನಿಸಿದ ವಿಷಯಕ್ಕೆ ಬರುತ್ತೇನೆ. ಮಾವ ಬಸ್ಸಿನಲ್ಲಿ ಒಂದು ಇಂಗ್ಲಿಷ್ ಮಾತಾಡುತ್ತಿದ್ದರು, ಮನೆಗೆ ಬಂದು ಟೋಪಿ ತೆಗೆದಿಟ್ಟ ಮೇಲೆ ಇನ್ನೊಂದು. ಮನೆಯ ಮಾತಿಗೆ ಪಟ್ವಾ ಅನ್ನುತ್ತಾರೆ. ಹೊರಗಿನವರಿಗೆ ಅದು ಮುರುಕಲು ಇಂಗ್ಲಿಷ್. ಆ ಮಾತು ಮೊದಲ ಸಲ ಪರದೆಯ ಮೇಲೆ ಕೇಳಿದ್ದನ್ನು ಮಾವ ಕೊನೆವರೆಗೂ ಹೇಳುತ್ತಿದ್ದರು. 1972ರ ‘ದಿ ಹಾರ್ಡರ್ ದೇ ಕಮ್’. ಪೆರ್ರಿ ಹೆನ್ಜೆಲ್ ನಿರ್ದೇಶನ, ಜಿಮ್ಮಿ ಕ್ಲಿಫ್ ನಾಯಕ. ಹಳ್ಳಿಯಿಂದ ಕಿಂಗ್‌ಸ್ಟನ್ನಿಗೆ ಹಾಡುಗಾರನಾಗಲು ಬರುವ ಹುಡುಗನ ಕತೆ. ಅಮೆರಿಕದಲ್ಲಿ ಆ ಇಂಗ್ಲಿಷಿಗೆ ಇಂಗ್ಲಿಷ್‌ನಲ್ಲೇ ಸಬ್‌ಟೈಟಲ್ ಹಾಕಿ ತೋರಿಸಿದರು! “ಅವತ್ತು ಟಾಕೀಸಿನಲ್ಲಿ ಪ್ರತಿ ಮಾತೂ ನಮಗೆ ತಿಳಿಯುತ್ತಿತ್ತು, ಪಕ್ಕದಲ್ಲಿ ಕೂತ ಇಂಗ್ಲಿಷಿನವನಿಗೆ ತಿಳಿಯುತ್ತಿರಲಿಲ್ಲ. ಅವನು ನನ್ನನ್ನು ಕೇಳಿದ, ಏನಂದ ಅಂತ” ಅನ್ನುತ್ತಿದ್ದರು ಮಾವ. ಆ ಕೊನೆಯ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಮ್ಮ ಯಜಮಾನರಿಗೆ ಆ ಜಾಗದಲ್ಲಿ ‘ಡೆಸ್ಮಂಡ್ಸ್’ ಇದೆ. 1989ರಿಂದ 1994ರವರೆಗೆ ಚಾನೆಲ್ 4ರಲ್ಲಿ ಬಂದ ಹಾಸ್ಯ ಧಾರಾವಾಹಿ. ಲಂಡನ್ನಿನ ಪೆಕಮ್‌ನಲ್ಲಿ ಒಂದು ಕಟಿಂಗ್ ಶಾಪ್, ಅದರ ಯಜಮಾನ ಡೆಸ್ಮಂಡ್, ಹೆಂಡತಿ ಶರ್ಲಿ, ಕ್ಷೌರಕ್ಕೆ ಅಲ್ಲದೆ ಬರೀ ಮಾತಿಗೆ ಬಂದು ಕೂರುವ ಗೆಳೆಯರು. ಬರೆದದ್ದು ಸೇಂಟ್ ಲೂಸಿಯಾದಲ್ಲಿ ಹುಟ್ಟಿದ ಟ್ರಿಕ್ಸ್ ವೊರೆಲ್. ಡೆಸ್ಮಂಡ್ ಪಾತ್ರ ಮಾಡಿದ ನಾರ್ಮನ್ ಬೀಟನ್ ಗಯಾನಾದವರು, ಅದರ ಶೀರ್ಷಿಕೆ ಹಾಡನ್ನು ಹಾಡಿದ್ದೂ ಅವರೇ. ಡೆಸ್ಮಂಡ್ ಯಾವಾಗಲೂ ಗಯಾನಾಕ್ಕೆ ವಾಪಸ್ ಹೋಗುವ ಮಾತಾಡುತ್ತಾನೆ. ಮಾತಲ್ಲೇ ವರ್ಷಗಳು ಹೋಗುತ್ತವೆ. ಇದನ್ನು ನೋಡುವಾಗ ನನಗೆ ನಮ್ಮ ಕನ್ನಡದ ಗೆಳೆಯರೆಲ್ಲ ನೆನಪಾಗುತ್ತಾರೆ. ಎಲ್ಲರೂ ಊರಲ್ಲಿ ಸೈಟ್ ತೆಗೆದುಕೊಂಡಿದ್ದಾರೆ, ಎಲ್ಲರೂ ಇನ್ನೆರಡು ವರ್ಷ ಅನ್ನುತ್ತಾರೆ.

ಆದರೆ ನನ್ನ ಸ್ವಂತ ಆಯ್ಕೆ ನಿರ್ದೇಶಕ ಸ್ಟೀವ್ ಮೆಕ್ವೀನ್ ಅವರ ‘ಲವರ್ಸ್ ರಾಕ್’. 2020ರ ನವೆಂಬರ್‌ನಲ್ಲಿ ಬಿಬಿಸಿಯಲ್ಲಿ ‘ಸ್ಮಾಲ್ ಆ್ಯಕ್ಸ್’ ಅಂತ ಐದು ಚಿತ್ರಗಳ ಸರಣಿ ಶುರುವಾಯಿತು, ಅದರಲ್ಲಿ ಎರಡನೆಯದು. ಆಗ ಇಲ್ಲಿ ಎರಡನೇ ಲಾಕ್‌ಡೌನ್. ಕತೆ ಅಂದರೆ 1980ರ ಸುಮಾರಿನ ಒಂದು ರಾತ್ರಿ, ಒಂದು ಮನೆಯ ಪಾರ್ಟಿ. ಕಪ್ಪು ಹುಡುಗ ಹುಡುಗಿಯರನ್ನು ಕ್ಲಬ್ಬುಗಳು ಬಾಗಿಲಲ್ಲೇ ತಡೆಯುತ್ತಿದ್ದ ಕಾಲ. ಹಾಗಾಗಿ ಮನೆಯಲ್ಲೇ ಕುಣಿತ. ಸೋಫಾ ಹೊರಗೆ ಹೊತ್ತು ಹಾಕುತ್ತಾರೆ, ಕಾರ್ಪೆಟ್ ಸುತ್ತುತ್ತಾರೆ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳಿಗೆ ವೈರು ಎಳೆಯುತ್ತಾರೆ. ಅಡುಗೆಮನೆಯಲ್ಲಿ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಆಡಿನ ಮಾಂಸದ ಸಾರು ಕಲಕುತ್ತಾ ಹಾಡುತ್ತಾರೆ. ಕಾರ್ಪೆಟ್ ಸುತ್ತಿದ್ದು ನೋಡಿದ್ದೇ ತಡ, ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಆಮೇಲೆ ಜ್ಯಾನೆಟ್ ಕೇ ಹಾಡಿದ 1979ರ ‘ಸಿಲ್ಲಿ ಗೇಮ್ಸ್’ ಬರುತ್ತದೆ. ರೆಕಾರ್ಡ್ ಮುಗಿಯುತ್ತದೆ, ಜನ ನಿಲ್ಲಿಸುವುದಿಲ್ಲ. ಸಂಗೀತವೇ ಇಲ್ಲದೆ ಹಾಡುತ್ತಾ ಹೋಗುತ್ತಾರೆ. ನೆಲದ ಮೇಲೆ ಕಾಲು ಒರೆಸುವ ಸದ್ದು, ಉಸಿರು, ಕೊನೆಯಲ್ಲಿ ಎಲ್ಲರಿಗೂ ನಿಲುಕದ ಆ ಎತ್ತರದ ಸ್ವರ. ನಮ್ಮ ಮುಂದಿನ ಕೋಣೆಯಲ್ಲಿ ಅತ್ತೆ ಹಾಡುತ್ತಿದ್ದರು. ಮಾವ ಎದ್ದು ನಿಂತಿದ್ದರು. ಇಡೀ ವರ್ಷ ಹೊರಗೆ ಹೋಗದೆ ಕೂತಿದ್ದ ಇಬ್ಬರು ಮುದುಕರು ಕೈ ಹಿಡಿದು, ಚಪ್ಪಲಿ ಬಿಟ್ಟು, ಕಾರ್ಪೆಟ್ ಮೇಲೆ ಮೆಲ್ಲಗೆ ಆಡಿದರು. ಅವತ್ತಿನಿಂದ ಆ ಚಿತ್ರ ನನಗೆ ಬರೀ ಸಿನಿಮಾ ಆಗಿ ಉಳಿದಿಲ್ಲ.

ನಿಮಗೆ ಈ ಲೋಕ ಎಷ್ಟು ಗೊತ್ತು? ಯಾವುದರಿಂದ ಗೊತ್ತಾಯಿತು? ಬರೆಯಿರಿ.

ಕೆಸೆಟ್_ಪೆಟ್ಟಿಗೆ

ಅಕ್ಕಾ, ಜಿಮ್ ರೀವ್ಸ್ ಹೆಸರು ಓದಿ ಖುಷಿಯಾಯಿತು. ನಾನು ಕೆಜಿಎಫ್‌ನಲ್ಲಿ ಬೆಳೆದವನು. ನಮ್ಮ ಬೀದಿಯಲ್ಲಿ ಆಂಗ್ಲೋ ಇಂಡಿಯನ್ ಮನೆಗಳಿದ್ದವು, ಡಿಸೆಂಬರ್ ಬಂತು ಅಂದರೆ ಕಿಟಕಿಯಿಂದ ಜಿಮ್ ರೀವ್ಸ್ ದನಿಯೇ. ಅಮೆರಿಕದ ಆ ಒಬ್ಬ ಹಾಡುಗಾರ ಕೆಜಿಎಫ್‌ನಲ್ಲೂ ಲಂಡನ್ನಿನ ಜಮೈಕದವರ ಮನೆಯಲ್ಲೂ ಒಂದೇ ಹೊತ್ತಿನಲ್ಲಿ ಹಾಡುತ್ತಿದ್ದ ಅಂತ ಇವತ್ತೇ ಗೊತ್ತಾಗಿದ್ದು.

ನನಗೆ ಕೆರಿಬಿಯನ್ ಬಾಗಿಲು ತೆರೆದದ್ದು ಬೋನಿ ಎಂ. ನಗಬೇಡಿ! ಜರ್ಮನಿಯ ಫ್ರಾಂಕ್ ಫಾರಿಯನ್ ಕಟ್ಟಿದ ತಂಡ ಅಂತ ಎಲ್ಲರಿಗೂ ಗೊತ್ತು. ಆದರೆ ವೇದಿಕೆ ಮೇಲಿದ್ದ ನಾಲ್ವರೂ ಕೆರಿಬಿಯನ್ನಿನವರು. ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಜಮೈಕಾದಲ್ಲಿ ಹುಟ್ಟಿದವರು, ಮೇಜಿ ವಿಲಿಯಮ್ಸ್ ಮಾಂಟ್ಸೆರಾಟ್, ಬಾಬಿ ಫ್ಯಾರೆಲ್ ಅರೂಬಾ. 1978ರಲ್ಲಿ ಅವರು ಹಾಡಿದ ‘ರಿವರ್ಸ್ ಆಫ್ ಬ್ಯಾಬಿಲಾನ್’ ಅವರದ್ದಲ್ಲ. ಜಮೈಕಾದ ಮೆಲೋಡಿಯನ್ಸ್ 1970ರಲ್ಲೇ ಹಾಡಿದ್ದರು. ಬೈಬಲ್ಲಿನ 137ನೇ ಕೀರ್ತನೆ, ಊರಿಂದ ಸೆರೆ ಹಿಡಿದು ತಂದವರು ನದಿ ದಡದಲ್ಲಿ ಅಳುವ ಹಾಡು. ಜಮೈಕಾದ ರಾಸ್ತಾಫರಿ ಪಂಥದ ಜನ ಅದನ್ನು ತಮ್ಮ ಕತೆ ಮಾಡಿಕೊಂಡರು. ನಮ್ಮ ಕಾಲೇಜ್ ಡೇಯಲ್ಲಿ ಆ ಹಾಡಿಗೆ ನಾವು ಕುಣಿದಿದ್ದೆವು. ಮೂಲ ಕೇಳಿದ್ದು ನನ್ನ ನಲವತ್ತೈದನೇ ವಯಸ್ಸಿನಲ್ಲಿ. ಅವತ್ತು ಎರಡು ನಿಮಿಷ ಸುಮ್ಮನೆ ಕೂತುಬಿಟ್ಟೆ.

ಸಾಗರದ_ಮಗಳು

ನಗುವುದು ಯಾಕೆ ಅಣ್ಣ? ನಮ್ಮ ಮನೆಯಲ್ಲೂ ಬೋನಿ ಎಂ ರೆಕಾರ್ಡ್ ಇದೆ. ‘ಬ್ರೌನ್ ಗರ್ಲ್ ಇನ್ ದಿ ರಿಂಗ್’ ಜಮೈಕಾದ ಮಕ್ಕಳ ಆಟದ ಹಾಡು. ಎಲ್ಲರೂ ಸುತ್ತ ನಿಲ್ಲುತ್ತಾರೆ, ಮಧ್ಯೆ ಒಬ್ಬಳು. ಲಂಡನ್ನಿಗೆ ಬರುವ ಮುಂಚೆ ಮಾವನ ಅಕ್ಕ ಶಾಲೆ ಅಂಗಳದಲ್ಲಿ ಅದನ್ನು ಆಡಿದವರು. ರೇಡಿಯೊದಲ್ಲಿ ಬಂದಾಗ ಅವರು ಅತ್ತರಂತೆ.

ಪಿಲಿನಲಿಕೆ_ಕುಡ್ಲ

ನಮಸ್ಕಾರ ಅಕ್ಕ. ನಾನು ಮಂಗಳೂರಿನವ, ಓದಲು ಅಂತ ಲಂಡನ್ನಿನಲ್ಲಿ ಒಂದು ವರ್ಷ ಇದ್ದೆ. ಆಗಸ್ಟ್ ಕೊನೆಯಲ್ಲಿ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ರೂಮ್‌ಮೇಟ್ ಎಳೆದುಕೊಂಡು ಹೋದ. ಅಲ್ಲಿ ನನ್ನ ಕಾಲು ನಿಂತದ್ದು ಸ್ಟೀಲ್‌ಪ್ಯಾನ್ ಹತ್ತಿರ. ಎಣ್ಣೆಯ ಪೀಪಾಯಿ ಮಾರಾಯ್ರೆ! 55 ಗ್ಯಾಲನ್ ಪೀಪಾಯಿಯ ತಳವನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಬೋಗುಣಿ ಹಾಗೆ ತಗ್ಗಿಸುತ್ತಾರೆ. ಅದರೊಳಗೆ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು. ಬೆಂಕಿಯಲ್ಲಿ ಕಾಯಿಸುತ್ತಾರೆ, ಮತ್ತೆ ಸಣ್ಣ ಸುತ್ತಿಗೆಯಲ್ಲಿ ಶ್ರುತಿ ಕೂರಿಸುತ್ತಾರೆ.

ಇದು ಯಾಕೆ ಹುಟ್ಟಿತು ಅಂತ ಆಮೇಲೆ ಓದಿದೆ. 1881ರಲ್ಲಿ ಟ್ರಿನಿಡಾಡಿನಲ್ಲಿ ಕಾರ್ನಿವಲ್ ಹೊತ್ತಿಗೆ ಗಲಾಟೆ ಆಯಿತು. ಅದಾದ ಮೇಲೆ ಬ್ರಿಟಿಷರು ಚರ್ಮದ ಡೋಲಿಗೆ ಕಡಿವಾಣ ಹಾಕಿದರು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಮಾಡಿದರು. ಆಮೇಲೆ ಬಿಸ್ಕತ್ ಡಬ್ಬ, ಕಸದ ಡಬ್ಬದ ಮುಚ್ಚಳ, ಕೊನೆಗೆ ಪೀಪಾಯಿ. 1951ರಲ್ಲಿ ಟ್ರಿನಿಡಾಡಿನ ಒಂದು ತಂಡ ಲಂಡನ್ನಿಗೆ ಬಂದು ಫೆಸ್ಟಿವಲ್ ಆಫ್ ಬ್ರಿಟನ್‌ನಲ್ಲಿ ಬಾರಿಸಿತು. 1958ರಲ್ಲಿ ನಾಟಿಂಗ್ ಹಿಲ್‌ನಲ್ಲಿ ಕಪ್ಪು ಜನರ ಮೇಲೆ ದಾಳಿಗಳಾದವು. ಮರುವರ್ಷ ಜನವರಿ 30ಕ್ಕೆ ಟ್ರಿನಿಡಾಡಿನ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಸ್ ಟೌನ್ ಹಾಲಿನೊಳಗೆ ಕಾರ್ನಿವಲ್ ಮಾಡಿದರು. ಹೊರಗೆ ಚಳಿಗಾಲ, ಒಳಗೆ ಕಾರ್ನಿವಲ್. ಬೀದಿಗೆ ಇಳಿದದ್ದು 1966ರಲ್ಲಿ. ರಸೆಲ್ ಹೆಂಡರ್ಸನ್ ಅವರ ತಂಡ ಪ್ಯಾನ್ ಕುತ್ತಿಗೆಗೆ ಕಟ್ಟಿಕೊಂಡು ನಡೆದೇಬಿಟ್ಟಿತು, ಜನ ಹಿಂದೆ ಬಿದ್ದರು.

ಇನ್ನೊಂದು ಹೇಳಲೇಬೇಕು. ಅದೇ ಮೆರವಣಿಗೆಯಲ್ಲಿ ನನಗೆ ತಾಸೆ ಕೇಳಿಸಿತು. ನಮ್ಮ ಹುಲಿವೇಷದ ತಾಸೆಯೇ! ನವರಾತ್ರಿಯಲ್ಲಿ ಊರಲ್ಲಿ ಕೇಳಿ ಬೆಳೆದ ಸದ್ದು, ತಪ್ಪುವುದಿಲ್ಲ. ಓಡಿಕೊಂಡು ಹೋಗಿ ನೋಡಿದರೆ ಟ್ರಿನಿಡಾಡಿನ ಇಬ್ಬರು ಕುತ್ತಿಗೆಗೆ ಬೋಗುಣಿ ಡೋಲು ಹಾಕಿಕೊಂಡು ಸಣ್ಣ ಕೋಲುಗಳಲ್ಲಿ ಬಾರಿಸುತ್ತಿದ್ದಾರೆ. ಹೆಸರು ಕೇಳಿದೆ. ‘ತಾಸಾ’ ಅಂದರು. ಮಣ್ಣಿನ ಪಾತ್ರೆಗೆ ಆಡಿನ ಚರ್ಮ ಬಿಗಿದದ್ದು, ಬಾರಿಸುವ ಮುಂಚೆ ಬೆಂಕಿ ಹಾಕಿ ಕಾಯಿಸುತ್ತಾರಂತೆ. ನಮ್ಮಲ್ಲೂ ಚರ್ಮದ ತಾಸೆ ಇದ್ದ ಕಾಲದಲ್ಲಿ ಒಣ ಹುಲ್ಲಿಗೆ ಬೆಂಕಿ ಕೊಟ್ಟು ಕಾಯಿಸಿ, ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ನಾನು ಅವರ ಎದುರು ಹುಲಿ ಹೆಜ್ಜೆ ಹಾಕಿದೆ. ಅವರು ತಾಳ ಬದಲಿಸಿ ನನ್ನ ಹೆಜ್ಜೆಗೆ ಕೂರಿಸಿದರು. ಐದು ನಿಮಿಷ ಇರಬಹುದು. ಆ ಐದು ನಿಮಿಷಕ್ಕೆ ನನ್ನ ಒಂದು ವರ್ಷದ ಫೀಸು ಸಾರ್ಥಕ ಆಯಿತು.

ಲಿಬರ್ಟಿ_ಅವೆನ್ಯೂ

ಇಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಮನೆ ರಿಚ್‌ಮಂಡ್ ಹಿಲ್ ಪಕ್ಕ. ಗಯಾನಾ, ಟ್ರಿನಿಡಾಡಿನಿಂದ ಬಂದವರು ತುಂಬಿದ ಜಾಗ, ಲಿಟಲ್ ಗಯಾನಾ ಅಂತಲೇ ಕರೆಯುತ್ತಾರೆ. ಲಿಬರ್ಟಿ ಅವೆನ್ಯೂನಲ್ಲಿ ಬೇಕರಿಗೆ ಹೋದರೆ ಫುಲೌರಿ ಸಿಗುತ್ತದೆ. ಬಟಾಣಿ ಬೇಳೆ ಹಿಟ್ಟಿನ ಬೋಂಡಾ, ಜೊತೆಗೆ ಹುಣಸೆ ಅಥವಾ ಮಾವಿನಕಾಯಿ ಚಟ್ನಿ. ಅದರ ಹೆಸರಲ್ಲೇ ಒಂದು ಹಾಡಿದೆ, ಸುಂದರ್ ಪೋಪೊ ಹಾಡಿದ್ದು. ಚಟ್ನಿ ಇಲ್ಲದೆ ಫುಲೌರಿ ಹೇಗಾಗುತ್ತೆ ಅಂತ ಕೇಳುವ ಹಾಡು.

ಸುಂದರ್ ಪೋಪೊ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ, ಇನ್ನು ತಡೆಯಲಾರೆ. 1845ರಿಂದ 1917ರವರೆಗೆ ಸುಮಾರು 1,44,000 ಭಾರತೀಯರನ್ನು ಟ್ರಿನಿಡಾಡಿಗೆ, 1838ರಿಂದ 1917ರವರೆಗೆ ಸುಮಾರು 2,39,000 ಜನರನ್ನು ಗಯಾನಾಕ್ಕೆ ಕರಾರು ಕೂಲಿಗಳಾಗಿ ಒಯ್ದರು. ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಮದುವೆ ಮನೆಗಳಲ್ಲಿ ಹೆಂಗಸರ ಹಾಡು, ಡೋಲಕ್, ಹಾರ್ಮೋನಿಯಂ, ಧಂತಾಲ. ಧಂತಾಲ ಅಂದರೆ ಉದ್ದದ ಕಬ್ಬಿಣದ ಸರಳು. ಕುದುರೆ ಲಾಳದಂತೆ ಬಾಗಿದ ತುಂಡಿನಿಂದ ಅದಕ್ಕೆ ಹೊಡೆಯುತ್ತಾರೆ, ಟಣ್ ಟಣ್ ಅಂತ ತಾಳ. ಇದಕ್ಕೆ ಗಿಟಾರ್ ಸೇರಿಸಿ 1970ರ ಸುಮಾರಿಗೆ ಸುಂದರ್ ಪೋಪೊ ‘ನಾನಾ ಆ್ಯಂಡ್ ನಾನಿ’ ಹಾಡಿದರು. ಅಜ್ಜ ಅಜ್ಜಿಯ ಮೇಲಿನ ಹಾಡು, ಅರ್ಧ ಹಿಂದಿ, ಅರ್ಧ ಟ್ರಿನಿಡಾಡಿನ ಇಂಗ್ಲಿಷ್. ಆ ಬಗೆಯ ಹಾಡಿಗೆ ಚಟ್ನಿ ಅಂತ ಹೆಸರಾಯಿತು. 1970ರಲ್ಲಿ ಟ್ರಿನಿಡಾಡ್ ಟಿವಿಯಲ್ಲಿ ‘ಮಸ್ತಾನಾ ಬಹಾರ್’ ಎಂಬ ಹಾಡಿನ ಸ್ಪರ್ಧೆಯೂ ಶುರುವಾಯಿತು. ಆಮೇಲೆ ಬಾಂಬೆಯ ಬಾಬ್ಲಾ ಮತ್ತು ಕಾಂಚನ್ ಸುಂದರ್ ಪೋಪೊ ಹಾಡುಗಳನ್ನು ತಾವೂ ಹಾಡಿದರು. ಭಾರತದಿಂದ ಹೋದದ್ದು ಅಲ್ಲಿ ಬೇರೆ ರುಚಿ ಹಿಡಿದು ಮತ್ತೆ ಬಾಂಬೆಗೆ ಬಂತು.

ಇನ್ನು ಸೋಕಾ. ಎಲ್ಲರೂ ಅದನ್ನು ಬರೀ ಪಾರ್ಟಿ ಹಾಡು ಅಂದುಕೊಳ್ಳುತ್ತಾರೆ. ಎಪ್ಪತ್ತರ ದಶಕದಲ್ಲಿ ಲಾರ್ಡ್ ಶಾರ್ಟಿ ಟ್ರಿನಿಡಾಡಿನ ಹಳೆಯ ಹಾಡಿನ ಬಗೆಯಾದ ಕಲಿಪ್ಸೊಗೆ ಡೋಲಕ್, ಧಂತಾಲದ ನಡೆ ಬೆರೆಸಿ ಅದನ್ನು ಕಟ್ಟಿದರು. ಅವರು ಆಫ್ರಿಕನ್ ಮೂಲದವರು, ಭಾರತೀಯರ ನಡುವೆ ಬೆಳೆದವರು. 1973ರ ಅವರ ಒಂದು ಹಾಡಿನ ಹೆಸರು ‘ಇಂದ್ರಾಣಿ’!

ಸಾಗರದ ಅಕ್ಕನಿಗೆ ಒಂದು ವಿಷಯ. ಗಯಾನಾಕ್ಕೆ ಮದ್ರಾಸ್ ಬಂದರಿನಿಂದಲೂ ಜನ ಹೋಗಿದ್ದರು. ಅವರ ವಂಶದವರು ಇಲ್ಲಿ ಕ್ವೀನ್ಸ್‌ನಲ್ಲೂ ಮಾರಿಯಮ್ಮನ ಪೂಜೆ ಮಾಡುತ್ತಾರೆ. ಬೇವಿನ ಸೊಪ್ಪು, ಮೈಮೇಲೆ ಬರುವುದು ಎಲ್ಲ ಇದೆ. ಬಾರಿಸುವ ವಾದ್ಯಕ್ಕೆ ‘ತಪ್ಪು’ ಅಂತ ಹೆಸರು. ನಮ್ಮ ತಮಟೆ, ತಪ್ಪಡಿ ಕುಲದ್ದೇ. ಒಂದು ಭಾನುವಾರ ಗೆಳತಿ ಕರೆದಳು ಅಂತ ಹೋಗಿದ್ದೆ. ಕಣ್ಣು ಮುಚ್ಚಿ ನಿಂತರೆ ಸೀದಾ ನಮ್ಮೂರ ಮಾರಿಗುಡಿ.

ಸಾಗರದ_ಮಗಳು

ಮಾರಿಕಾಂಬಾ ಜಾತ್ರೆಯ ಊರಿನವಳಿಗೆ ಇದನ್ನು ಹೇಳಿ ಮೈ ಜುಮ್ ಅನ್ನಿಸಿಬಿಟ್ಟಿರಿ. ಸುಂದರ್ ಪೋಪೊ ಅತ್ತೆಯ ಪ್ರಾಣ. ಹಿಂದಿ ಒಂದು ವಾಕ್ಯ ಮಾತಾಡಲು ಬರುವುದಿಲ್ಲ, ಹಾಡು ಮಾತ್ರ ಒಂದಕ್ಷರ ತಪ್ಪುವುದಿಲ್ಲ. 1935ರಲ್ಲಿ ‘ಬಾಲಾ ಜೋಬನ್’ ಬಂದಾಗಿನಿಂದ ಟ್ರಿನಿಡಾಡಿನಲ್ಲಿ ಹಿಂದಿ ಸಿನಿಮಾ ಓಡುತ್ತಿತ್ತು. ಅತ್ತೆಯ ಅಮ್ಮ ಸೀರೆ ಉಡುವುದು ಕಲಿತದ್ದೇ ಪರದೆ ನೋಡಿ.

ಹಳೆ_ರೀಲು

ಎಲ್ಲ ಚೆನ್ನಾಗಿದೆ, ಆದರೆ ಒಂದು ತಕರಾರು ಇದೆ ಮೇಡಂ. ‘ಸ್ಮಾಲ್ ಆ್ಯಕ್ಸ್’ ಬಂದ ಮೇಲೆ ಎಲ್ಲರೂ ಅದನ್ನೇ ಹೊಗಳುತ್ತಾರೆ. ಅದಕ್ಕೂ ನಲವತ್ತು ವರ್ಷ ಹಿಂದೆ ದುಡ್ಡಿಲ್ಲದೆ, ಬೆಂಬಲವಿಲ್ಲದೆ ಮಾಡಿದವರನ್ನು ಮರೆಯಬಾರದು. ಹೊರೇಸ್ ಓವೆ ಟ್ರಿನಿಡಾಡಿನವರು. ಅವರ ‘ಪ್ರೆಶರ್’ ಬ್ರಿಟನ್ನಿನಲ್ಲಿ ಕಪ್ಪು ನಿರ್ದೇಶಕರೊಬ್ಬರು ಮಾಡಿದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ. ಪೊಲೀಸರ ಹೊಡೆತದ ದೃಶ್ಯಗಳಿವೆ ಅಂತ ಬಿಡುಗಡೆ ಎಳೆದಾಡಿ 1976ಕ್ಕೆ ಹೋಯಿತು. ನಾಯಕ ಟೋನಿ ಲಂಡನ್ನಿನಲ್ಲೇ ಹುಟ್ಟಿದವನು. ಶಾಲೆ ಮುಗಿಸಿ ಕೆಲಸ ಹುಡುಕುತ್ತಾನೆ. ಅಣ್ಣ ಟ್ರಿನಿಡಾಡಿನಲ್ಲಿ ಹುಟ್ಟಿದವನು. ಬೆಳಗಿನ ತಿಂಡಿಯ ದೃಶ್ಯ ನೋಡಿ ಸಾಕು. ಬಾಣಲೆಯಲ್ಲಿ ಬೇಕನ್ ಚುರುಗುಟ್ಟುತ್ತಿರುತ್ತದೆ. ಟೋನಿಗೆ ಇಂಗ್ಲಿಷ್ ತಿಂಡಿ ಬೇಕು, ಅಣ್ಣನಿಗೆ ಊರಿನ ತಿಂಡಿ ಬೇಕು. ಒಂದೇ ಮೇಜು, ಎರಡು ದೇಶ.

ಓವೆ ಜೊತೆ ಚಿತ್ರಕತೆ ಬರೆದದ್ದು ಸ್ಯಾಮ್ ಸೆಲ್ವನ್. ನಿಮ್ಮ ಅತ್ತೆಯ ಊರು ಸ್ಯಾನ್ ಫರ್ನಾಂಡೊದಲ್ಲೇ 1923ರಲ್ಲಿ ಹುಟ್ಟಿದವರು, ಅಪ್ಪ ಮದ್ರಾಸ್ ಮೂಲದ ಕ್ರಿಶ್ಚಿಯನ್. ಲಂಡನ್ನಿನ ವಲಸೆ ಬದುಕಿನ ಕಾದಂಬರಿಯನ್ನು ಪುಸ್ತಕದ ಇಂಗ್ಲಿಷಿನಲ್ಲಿ ಬರೆಯಲು ಹೊರಟು ಸಿಕ್ಕಿಹಾಕಿಕೊಂಡರು. ಟ್ರಿನಿಡಾಡಿನ ಆಡುಮಾತಿಗೆ ಬದಲಾಯಿಸಿದ ಮೇಲೆ ಕತೆ ಹರಿಯಿತು. ‘ದಿ ಲೋನ್ಲಿ ಲಂಡನರ್ಸ್’ 1956ರಲ್ಲಿ ಬಂತು. ನೀವು ಹೇಳುವ ಮಾತಿನ ವಿಷಯಕ್ಕೆ ಬೇರು ಇಲ್ಲಿದೆ.

1980ರ ‘ಬ್ಯಾಬಿಲಾನ್’ ಕೂಡ ನೋಡಿ. ದೊಡ್ಡ ಸ್ಪೀಕರ್ ಕಟ್ಟಿ ಪಾರ್ಟಿಗಳಲ್ಲಿ ರೆಕಾರ್ಡ್ ಹಾಕುವ ಸೌಂಡ್ ಸಿಸ್ಟಂ ಹುಡುಗರ ಕತೆ. ಸಂಗೀತ ಡೆನ್ನಿಸ್ ಬೋವೆಲ್, ನಿಮ್ಮ ‘ಸಿಲ್ಲಿ ಗೇಮ್ಸ್’ ಹಾಡು ಕಟ್ಟಿದವರೇ. ಅಮೆರಿಕದ ಟಾಕೀಸಿಗೆ ಆ ಚಿತ್ರ ಬಂದದ್ದು 2019ರಲ್ಲಿ!

ಸಾಗರದ_ಮಗಳು

ನಿಮ್ಮ ತಕರಾರು ಒಪ್ಪುತ್ತೇನೆ ಸರ್. ‘ಪ್ರೆಶರ್’ ಹೊಸ ಪ್ರಿಂಟ್ ಆಗಿ 2023ರಲ್ಲಿ ಮತ್ತೆ ಬಂತಲ್ಲ, ಓವೆ ತೀರಿಕೊಂಡ ಮರುತಿಂಗಳು. ಆಗ ಯಜಮಾನರ ಜೊತೆ ಹೋಗಿ ನೋಡಿದೆ. ತಿಂಡಿ ದೃಶ್ಯ ಬಂದಾಗ ಅವರು ನನ್ನ ಕೈ ಹಿಸುಕಿದರು. ಆದರೆ ಮೆಕ್ವೀನ್ ಹಳಬರನ್ನು ಮರೆತಿಲ್ಲ. ‘ಲವರ್ಸ್ ರಾಕ್’ ಪಾರ್ಟಿಯಲ್ಲಿ ಕುಣಿಯುವವರ ನಡುವೆ ಡೆನ್ನಿಸ್ ಬೋವೆಲ್ ಅವರೇ ಇದ್ದಾರೆ, ಗಮನಿಸಿ.

ಗ್ಯಾಲರಿ_ಸೀಟು

ಕ್ರಿಕೆಟ್ ಇಲ್ಲದೆ ಈ ಮಾತು ಮುಗಿಯಬಾರದು. 1948ರ ಜೂನ್ 22ಕ್ಕೆ, ಕೆರಿಬಿಯನ್ನಿನಿಂದ ವಲಸಿಗರನ್ನು ತಂದ ವಿಂಡ್‌ರಶ್ ಹಡಗಿನ ಜನ ಲಂಡನ್ ಹತ್ತಿರದ ಟಿಲ್ಬರಿ ಬಂದರಿನಲ್ಲಿ ಇಳಿದರು. ಅದರಲ್ಲಿ ಕಲಿಪ್ಸೊ ಹಾಡುಗಾರರಾದ ಲಾರ್ಡ್ ಕಿಚನರ್ ಮತ್ತು ಲಾರ್ಡ್ ಬಿಗಿನರ್ ಇದ್ದರು. ಕಿಚನರ್ ನ್ಯೂಸ್‌ರೀಲ್ ಕ್ಯಾಮೆರಾ ಎದುರು ಲಂಡನ್ ಮೇಲೆ ಹಾಡೇ ಹಾಡಿದರು, ಊರು ಇನ್ನೂ ನೋಡಿರಲಿಲ್ಲ. ಎರಡು ವರ್ಷ ಬಿಟ್ಟು, 1950ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ವೆಸ್ಟ್ ಇಂಡೀಸ್ 326 ರನ್ನುಗಳಿಂದ ಗೆದ್ದಿತು. ಇಂಗ್ಲೆಂಡಿನಲ್ಲಿ ಅವರ ಮೊದಲ ಟೆಸ್ಟ್ ಗೆಲುವು. ಸನ್ನಿ ರಾಮಾಧೀನ್ 11 ವಿಕೆಟ್, ಆಲ್ಫ್ ವ್ಯಾಲೆಂಟೈನ್ 7. ರಾಮಾಧೀನ್ ಟ್ರಿನಿಡಾಡಿನ ಭಾರತೀಯ ಮೂಲದವರು, ವೆಸ್ಟ್ ಇಂಡೀಸ್‌ಗೆ ಆಡಿದ ಆ ಮೂಲದ ಮೊದಲಿಗರು. ಕಿಚನರ್ ಗಿಟಾರ್ ಹಿಡಿದು ಮೈದಾನ ಸುತ್ತಿದರು. ಬಿಗಿನರ್ ಹಾಡಿದ ಆ ಗೆಲುವಿನ ಕಲಿಪ್ಸೊ ಇವತ್ತೂ ಕೇಳಬಹುದು.

1971ರಲ್ಲಿ ನಮ್ಮವರು ಹೋದಾಗ ಗಾವಸ್ಕರ್ 774 ರನ್ ಹೊಡೆದರು. ಟ್ರಿನಿಡಾಡಿನ ಲಾರ್ಡ್ ರಿಲೇಟರ್ ಅವರ ಮೇಲೆ ಹಾಡು ಕಟ್ಟಿದರು. ನಮ್ಮ ಪ್ರಸನ್ನ, ವಿಶ್ವನಾಥ್ ಇದ್ದ ತಂಡ ಅದು. ತಮ್ಮನ್ನು ಸೋಲಿಸಿದ ತಂಡದ ಆಟಗಾರನ ಮೇಲೆ ಹಾಡು ಕಟ್ಟುವ ಜನ. ನಮ್ಮ ತಂದೆ ಆ ಹಾಡನ್ನು ರೇಡಿಯೊದಲ್ಲಿ ಕೇಳಿ ಪುಸ್ತಕದ ಹಿಂದೆ ಬರೆದುಕೊಂಡಿದ್ದರು, ಕನ್ನಡ ಅಕ್ಷರದಲ್ಲಿ.

ಬೀಟ್_ಬಸವನಗುಡಿ

ನಾನು ಚಿಕ್ಕವನು, ರ‍್ಯಾಪ್ ಕೇಳುವವನು. ಒಂದೇ ಸೇರಿಸುತ್ತೇನೆ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂನ ಒಂದು ಪಾರ್ಟಿಯಲ್ಲಿ ಅಂತ ಹೇಳುತ್ತಾರೆ. ರೆಕಾರ್ಡ್ ಹಾಕಿದ್ದು ಡಿಜೆ ಕೂಲ್ ಹರ್ಕ್. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದವರು. ದೊಡ್ಡ ಸ್ಪೀಕರ್, ಹಾಡಿನ ನಡುವೆ ಮೈಕಿನಲ್ಲಿ ಮಾತು, ಎಲ್ಲ ಜಮೈಕಾದ ಸೌಂಡ್ ಸಿಸ್ಟಂ ರೂಢಿ. ಪಾರ್ಟಿ ಇಟ್ಟದ್ದು ತಂಗಿ ಸಿಂಡಿ, ಶಾಲೆಗೆ ಹೊಸ ಬಟ್ಟೆ ತಗೊಳ್ಳೋಕೆ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ನಾವು ಇವತ್ತು ಕನ್ನಡದಲ್ಲಿ ರ‍್ಯಾಪ್ ಬರೆಯುವಾಗ ಆ ಬಟ್ಟೆಯ ದುಡ್ಡಿನ ಋಣ ನಮ್ಮ ಮೇಲೂ ಇದೆ.

ಮಾಸ್ತರ_ಮನಿ

ಧಾರವಾಡದಿಂದ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದ್ದೇನೆ. ‘ಸ್ಮಾಲ್ ಆ್ಯಕ್ಸ್’ ಸರಣಿಯ ಕೊನೆಯ ಚಿತ್ರ ‘ಎಜುಕೇಶನ್’ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತೇನ್ರೀ.

ಹನ್ನೆರಡು ವರ್ಷದ ಹುಡುಗ. ಓದಲು ತೊಡಕು. ಶಾಲೆಯವರು ಅವನನ್ನು ಬೇರೆ ಶಾಲೆಗೆ ಸಾಗಹಾಕುತ್ತಾರೆ. ಬುದ್ಧಿ ಮಂದ ಅಂತ ಹಣೆಪಟ್ಟಿ ಕಟ್ಟಿದ ಮಕ್ಕಳ ಶಾಲೆ. ಅಲ್ಲಿ ಪಾಠವೇ ಇಲ್ಲ. ಇದು ಆಗ ನಡೆದದ್ದೇ. 1971ರಲ್ಲಿ ಗ್ರೆನಡಾದ ಬರ್ನಾರ್ಡ್ ಕೋರ್ಡ್ ಒಂದು ಪುಸ್ತಿಕೆ ಬರೆದರು. ವೆಸ್ಟ್ ಇಂಡಿಯನ್ ಮಕ್ಕಳನ್ನು ಈ ಶಾಲೆಗಳಿಗೆ ಹೇಗೆ ತಳ್ಳುತ್ತಿದ್ದಾರೆ ಅಂತ ತೋರಿಸಿದರು. ಮನೆಯ ಮಾತು ಬೇರೆ, ಪರೀಕ್ಷೆಯ ಮಾತು ಬೇರೆ. ಮಗುವಿಗೆ ಪ್ರಶ್ನೆ ತಿಳಿಯದಿದ್ದರೆ ಬುದ್ಧಿ ಇಲ್ಲ ಅಂತ ಬರೆದರು. ತಾಯಂದಿರು ಎದ್ದರು. ಶನಿವಾರದ ಶಾಲೆ ಕಟ್ಟಿದರು. ಯಾರದೋ ಮನೆಯ ಕೋಣೆಯಲ್ಲಿ ನಾಲ್ಕು ಮಕ್ಕಳು, ಅವರದೇ ಚರಿತ್ರೆ, ಅವರದೇ ಮಾತಿನ ಟೀಚರ್.

ನಾನು ಇದನ್ನು ನೋಡುವಾಗ ನನ್ನ ಕ್ಲಾಸಿನ ಒಬ್ಬ ಹುಡುಗಿ ಕಣ್ಣ ಮುಂದೆ ಬಂದಳು. ತಾಂಡಾದಿಂದ ಬರುತ್ತಿದ್ದಳು, ಮನೆಯಲ್ಲಿ ಲಂಬಾಣಿ. ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ದಡ್ಡಿ ಅಂತ ನಾನೇ ರಿಜಿಸ್ಟರಿನಲ್ಲಿ ಬರೆದಿದ್ದೆ. ಒಂದು ದಿನ ಮಳೆ ಬಂದು ಎಲ್ಲರೂ ವರಾಂಡದಲ್ಲಿ ನಿಂತಾಗ ಅವಳು ತನ್ನ ಮಾತಿನಲ್ಲಿ ಒಂದು ಹಾಡು ಶುರು ಮಾಡಿದಳು. ಇಪ್ಪತ್ತು ನುಡಿ ಇರಬೇಕು, ಎಲ್ಲಿಯೂ ತಡವರಿಸಲಿಲ್ಲ. ಮರುದಿನ ಆ ಬರಹ ಹೊಡೆದು ಹಾಕಿದೆ. ಆ ಚಿತ್ರದಲ್ಲಿ ತಾಯಿ ಪುಸ್ತಿಕೆ ಕೈಗೆ ತಗೊಂಡು ಓದುತ್ತಾಳೆ ನೋಡ್ರಿ, ಅಲ್ಲಿ ನಾನು ಟಿವಿ ನಿಲ್ಲಿಸಿ ಹೊರಗೆ ಹೋಗಿ ಬಂದೆ.

ಸಾಗರದ_ಮಗಳು

ಮಾಸ್ತರ್, ನಿಮ್ಮ ಮಾತನ್ನು ಯಜಮಾನರಿಗೆ ಇಂಗ್ಲಿಷ್ ಮಾಡಿ ಹೇಳಿದೆ. ಅವರ ಅಣ್ಣನನ್ನೂ ಹಾಗೆ ಕಳಿಸಬೇಕು ಅಂತ ಒಂದು ಶಾಲೆ ಹೇಳಿತ್ತು. ಅತ್ತೆ ನೈಟ್ ಡ್ಯೂಟಿ ಮುಗಿಸಿ, ನರ್ಸ್ ಬಟ್ಟೆಯಲ್ಲೇ ಹೋಗಿ, ಆಗಲ್ಲ ಅಂತ ಹೇಳಿ ಬಂದರಂತೆ. ಹದಿನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನೀವು ಬರೆದದ್ದರಿಂದ ನಿನ್ನೆ ರಾತ್ರಿ ಊಟದ ಹೊತ್ತಿಗೆ ಹೊರಗೆ ಬಂತು.

ಮಂಗಳೂರಿನ ತಮ್ಮಾ, ನಿಮ್ಮ ತಾಸೆ ಮಾತು ಓದಿ ಹುಲಿವೇಷದ ಒಂದು ವಿಡಿಯೊ ಹುಡುಕಿ ಅತ್ತೆಗೆ ತೋರಿಸಿದೆ. ಮುಂದಿನ ಕೋಣೆಯಲ್ಲೇ ಕೂತಿದ್ದೆವು. ಮೊದಲು ಬಣ್ಣ ನೋಡಿ ನಕ್ಕರು. ಆಮೇಲೆ ಫೋನನ್ನು ರೇಡಿಯೊಗ್ರಾಂ ಮುಚ್ಚಳದ ಮೇಲೆ ಇಟ್ಟು, ಕಣ್ಣು ಮುಚ್ಚಿ ಬರೀ ಕೇಳಿದರು. ಬೆರಳು ಮರದ ಮೇಲೆ ತಾಳ ಹಾಕುತ್ತಿತ್ತು. ಟ್ರಿನಿಡಾಡಿನಲ್ಲಿ ಮದುವೆಗೆ ಮುಂಚೆ ಒಂದು ರಾತ್ರಿ ಹೆಂಗಸರು ಮಣ್ಣು ತರಲು ಹೊರಡುತ್ತಾರೆ, ತಾಸಾ ಮುಂದೆ ನಡೆಯುತ್ತೆ, ತಮ್ಮ ಅಕ್ಕನ ಮದುವೆಗೆ ಹಾಗೇ ಹೋಗಿದ್ದೆವು ಅಂದರು. ಮುಂದಾಳಾಗಿ ಬಾರಿಸುವ ಡೋಲಿಗೆ ಅಲ್ಲಿ ಕಟರ್ ಅನ್ನುತ್ತಾರಂತೆ.

ವಿಡಿಯೊ ಮುಗಿಯಿತು. ಅತ್ತೆ ಕಣ್ಣು ಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಆ ಕಟರ್ ಹುಡುಗ ಯಾರ ಮಗ?”

ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅವರು ದಿನಾ ಕೇಳುತ್ತಿದ್ದಾರೆ.